ಮಾಳಿಗೆಗೆ ಎರಡು ಕೋಟು

ಮಧ್ಯಾಹ್ನ ಸೊಸೆ ಸವಿತಾ ಪಡಸಾಲೆಯಲ್ಲಿ ಕುಳಿತು ಕಾಲುಗುರಿಗೆ ನೇಲ್ ಪಾಲಿಶ್ ಹಚ್ಚಿಕೊಳ್ಳುತ್ತಿದ್ದಳು. ಆ ಘಾಟಿಗೆ ನಿಮಗೆ ಯಾವುದಾದರೂ ಮದುವೆಮನೆ ನೆನಪಾಗಬಹುದು. ನನಗೆ ನೆನಪಾಗುವುದು ಸುರಪುರದ ಈ ಮನೆಯ ಮಾಳಿಗೆ.

ಹೈದರಾಬಾದಿನ ಕಾನ್ವೆಂಟಿನಲ್ಲಿ ಉಗುರಿಗೆ ಬಣ್ಣ ಕಂಡರೆ ಸಿಸ್ಟರ್ ಬ್ಲೇಡಿನಿಂದ ಕೆರೆದು ತೆಗೆಯುತ್ತಿದ್ದರು. "ಲೇಡೀಸ್ ಡೋಂಟ್" ಎನ್ನುವಷ್ಟಕ್ಕೇ ಅವರ ವಾಕ್ಯ ಮುಗಿಯುತ್ತಿತ್ತು, ಮುಂದಿನದನ್ನು ನಾವೇ ತುಂಬಿಕೊಳ್ಳಬೇಕು. ಮದುವೆಯಾಗಿ ಇಲ್ಲಿಗೆ ಬಂದರೆ ಅತ್ತೆಯವರದೂ ಅದೇ ಸಿಲಬಸ್, ಮೀಡಿಯಂ ಮಾತ್ರ ಬೇರೆ. ತಲೆಯ ಸೆರಗು ಜಾರಬಾರದು, ನಗು ಹೊಸ್ತಿಲು ದಾಟಬಾರದು. ಸಂಜೆ ಒಣಗಿದ ಬಟ್ಟೆ ತರುವ ನೆಪದಲ್ಲಿ ಮಾಳಿಗೆ ಹತ್ತಿದರೆ ಸೆರಗು ತಾನಾಗಿ ಹೆಗಲಿಗೆ ಇಳಿಯುತ್ತಿತ್ತು. ಎದುರಿನ ಗುಡ್ಡದ ಬಂಡೆಗಳಿಗೆ ಇಂಗ್ಲಿಷ್ ರೈಮ್ಸ್ ಹೇಳಿದ್ದೂ ಉಂಟು. ವೆರಿ ಪೇಶೆಂಟ್ ಆಡಿಯನ್ಸ್. ಕೆಳಗಿನ ಮನೆ ಮೊದಲು ಅತ್ತೆಯದಾಗಿತ್ತು, ಆಮೇಲೆ ಗಂಡನದು, ಆಮೇಲೆ ಮಗನದು. ಮಾಳಿಗೆ ಮಾತ್ರ ನನ್ನದು.

ಕೆಲವು ವರ್ಷಗಳ ಹಿಂದೆ ಅದು ಸೋರತೊಡಗಿತು. ಟಾರು ಬಳಿಸಿದೆವು, ಬಿಸಿಲಿಗೆ ಬಿರಿಯಿತು. ಪಕ್ಕದ ಮನೆಯ ಮೈದುನ ಶಂಕ್ರಪ್ಪ ತನ್ನ ಮಾಳಿಗೆಯ ಮೇಲೆ ಕಂಬ ನೆಟ್ಟು ತಗಡಿನ ಪತ್ರಾ ಹೊದಿಸಿದ್ದ.

"ವೈನಿ, ನೀವೂ ಪತ್ರಾ ಹೊಡಸ್ರಿ. ನಮ್ಮಲ್ಲಿ ಒಂದ್ ಹನಿ ಬಿದ್ದದೇನು?"

"ಮಳಿ ಬರೂದಿಲ್ಲ ಖರೆ. ಚಂದ್ರನೂ ಬರೂದಿಲ್ಲಲ್ಲೋ!"

"ಈ ವಯಸ್ಸಿನಾಗ ಚಂದ್ರನ್ನ ತಗೊಂಡು ಏನ್ ಮಾಡ್ತೀರಿ?"

"ಯಾಕ, ವಯಸ್ಸಾದವರ ಚಂದ್ರ ಕ್ಯಾನ್ಸಲ್ ಆಗ್ಯಾನೇನು?"

ಮಗ ಕಾಕನ ಪಕ್ಷ. ಪತ್ರಾದವನಿಗೆ ಅಳತೆಗೆ ಬರಲು ಹೇಳಿಯೂ ಬಿಟ್ಟಿದ್ದ.

ಅಷ್ಟರಲ್ಲಿ ಒಡೆದ ನೀರಿನ ಟಾಕಿಗೆ ಫೈಬರ್ ಹಚ್ಚಲು ಯಾದಗಿರಿಯಿಂದ ಖಾಜಾ ಬಂದ. ಗಾಜಿನ ನಾರಿನ ಹಾಸು ಇಟ್ಟು, ಮೇಲೆ ಜೇನಿನಂಥ ರೆಸಿನ್ ಅಂಟು ಬಳಿದ, ಘಾಟು ಮಾತ್ರ ಥೇಟ್ ನೇಲ್ ಪಾಲಿಶಿನದು. ಮರುದಿನ ಟಾಕಿ ಕಲ್ಲಿನಂತಾಗಿತ್ತು. ಇದನ್ನೇ ಮಾಳಿಗೆಗೂ ಹಚ್ಚು ಎಂದೆ.

"ಅಮ್ಮಾರ, ಟಾಕಿಗೆ ಹಚ್ಚೇನಿ, ಕೂಲರಿಗೆ ಹಚ್ಚೇನಿ. ಮಾಳಿಗಿ ಎಂದೂ ಮುಟ್ಟಿಲ್ರಿ."

"ನಾನೂ ಮುಟ್ಟಿಲ್ಲ. ಇಬ್ಬರೂ ಕೂಡಿ ಕಲಿಯೂಣು."

ಬಿಸಿಲೇರಿದರೆ ರೆಸಿನ್ ಬಕೀಟಿನಲ್ಲೇ ಗಟ್ಟಿಯಾಗುತ್ತದೆ. ಹಾಗಾಗಿ ನಸುಕಿನಲ್ಲೇ ಶುರು. ಡಬ್ಬಿಯ ಮೇಲಿನ ಇಂಗ್ಲಿಷ್ ನಾನು ಓದಿ ಹೇಳುವುದು, ಅವನು ಕಲಸುವುದು. ಕಾನ್ವೆಂಟಿನ ಫೀಸು ಅಂದು ವಸೂಲಾಯಿತು! ಬಿಳಿಯ ಹಾಸು ರೆಸಿನ್ ಕುಡಿಯುತ್ತ ಕುಡಿಯುತ್ತ ಗಾಜಿನಂತಾಗಿ, ಅಡಿಯ ಹಳೆಯ ಸ್ಲ್ಯಾಬ್ ಕಾಣುತ್ತಿತ್ತು. ರೋಲರಿನಿಂದ ಒತ್ತಿ ಗಾಳಿಗುಳ್ಳೆ ಹೊರಡಿಸುವ ಕೆಲಸ ನನ್ನದು. ಮೈಯೆಲ್ಲ ತುರಿಕೆ, ಮನಸ್ಸೆಲ್ಲ ಹಬ್ಬ.

ಮೊದಲ ಪದರ ಮುಗಿಸಿ ಚಹಾ ಕುಡಿದು ಮೇಲೆ ಬಂದರೆ, ಶಂಕ್ರಪ್ಪ ತನ್ನ ಕಡೆಯ ಗೋಡೆಯಿಂದ ಪೈಪು ಹಿಡಿದು ಹಸಿ ರೆಸಿನ್ ಮೇಲೆ ನೀರು ಬಿಡುತ್ತಿದ್ದಾನೆ!

"ಹೊಸಾ ಕೆಲಸ, ಬಿಸಿಲಿಗೆ ಬಿರಿತದಂತ ನೀರ್ ಹೊಡದೇನ್ರಿ ವೈನಿ. ಪತ್ರಾ ಬ್ಯಾಡಂದ್ರೆಂತ ಸಿಟ್ಟು ನಿಮ್ಮ ಮ್ಯಾಲ. ಮಾಳಿಗಿ ಮ್ಯಾಲ ಏನ್ ಸಿಟ್ಟು?"

ನಾವೆಲ್ಲ ಸಿಮೆಂಟಿನ ಕಾಲದವರು. ಗೋಡೆಯಿರಲಿ ಸ್ಲ್ಯಾಬಿರಲಿ, ಹೊಸದು ಕಂಡರೆ ನೀರು ಕುಡಿಸುವ ಜನ. ಪ್ರೀತಿಯಿಂದಲೇ ಮಾಡಿದ್ದ. ರೆಸಿನ್ ಮಾತ್ರ ಹಾಲಿನಂತೆ ಬೆಳ್ಳಗಾಗಿ ಹಾಸು ಎದ್ದು ಬಂದಿತ್ತು. ಖಾಜಾ ತಲೆಯ ಮೇಲೆ ಕೈಹೊತ್ತು ಕುಳಿತ.

"ಅವ್ವಾ, ಸಾಕಿನ್ನ. ಕೆಳಗ ಬಾ. ಪತ್ರಾದವ ಇವತ್ತೇ ಬರ್ತಾನ," ಎಂದ ಮಗ.

ನಾನು ಸೆರಗು ಸೊಂಟಕ್ಕೆ ಬಿಗಿದು ಅಲ್ಲೇ ಕುಳಿತೆ, ಖಾಜಾನ ಕಬ್ಬಿಣದ ಪಟ್ಟಿ ತೆಗೆದುಕೊಂಡು ಕೆಟ್ಟ ಹಾಸು ಕೆರೆಯತೊಡಗಿದೆ.

"ಬರಲಿ. ಬಂದ್ರ ಪತ್ರಾ ನನ್ನ ತಲಿಮ್ಯಾಲೇ ಬಡೀಬೇಕು. ಐ ಆಮ್ ನಾಟ್ ಕಮಿಂಗ್ ಡೌನ್."

ಸ್ವಲ್ಪ ಹೊತ್ತಿಗೆ ಗೋಡೆ ದಾಟಿ ಶಂಕ್ರಪ್ಪ ಇಳಿದ, ಕೈಯಲ್ಲಿ ಕಳೆ ಕೀಳುವ ಖುರ್ಪಿ.

"ಅತ್ಲಾಗ ಸರೀರಿ ವೈನಿ. ಆ ಮೂಲಿ ನನಗ ಬಿಡ್ರಿ."

ಕೆರೆದೆವು, ಚೆನ್ನಾಗಿ ಒಣಗಿಸಿದೆವು, ಮತ್ತೆ ಹಾಸಿದೆವು. ಎರಡು ಪದರ, ಮೇಲೊಂದು ಬೂದುಬಣ್ಣದ ಟಾಪ್‌ಕೋಟ್. ಅದು ಒಣಗುವ ತನಕ ಕೊಡೆ ಹಿಡಿದು ಮೆಟ್ಟಿಲ ತುದಿಯಲ್ಲಿ ಕುರ್ಚಿ ಹಾಕಿ ಕಾದೆ. ನೀರಿನ ಕೊಡ ಹಿಡಿದವರಿಗೆ ನೋ ಎಂಟ್ರಿ. ಆ ಮಳೆಗಾಲದಲ್ಲಿ ಒಂದು ಹನಿಯೂ ಸೋರಲಿಲ್ಲ, ಪತ್ರಾದ ಮಾತೂ ಅಡಗಿತು.

"ಅತ್ತಿ," ಎಂದಳು ಸವಿತಾ ಇವತ್ತು ಮಧ್ಯಾಹ್ನ, ಉಗುರು ಊದುತ್ತ. "ಮ್ಯಾಲಿನ ಬಣ್ಣ ಸವದದಂತ ಇವರು ಮತ್ತ ಪತ್ರಾದ ಮಾತು ತೆಗದಾರ್ರಿ. ಹೆಂಗೂ ನಿಮಗ ಮೊಣಕಾಲು ನೋವು, ಹತ್ತಾಕ ಆಗೂದಿಲ್ಲ ಅಂತಾರ."

ನಾನು ಎರಡೂ ಕಾಲು ಅವಳ ಮುಂದೆ ಚಾಚಿದೆ.

"ಹಚ್ಚು."

"ನಿಮಗೇನ್ರಿ? ಈ ಕೆಂಪಾ?" ಗಂಡ ಹೋದ ಮೇಲೆ ನಾನು ಕೆಂಪು ಮುಟ್ಟಿರಲಿಲ್ಲ.

"ಇದೇ ಕೆಂಪು. ಎರಡು ಕೋಟು. ಮೊದಲಿಂದು ಒಣಗಲಿ, ನೀರ್ ತಾಕಿಸಬ್ಯಾಡ. ನಿನ್ನ ಗಂಡಗ ಹೇಳು, ಖಾಜಾಗ ಫೋನ್ ಮಾಡಂತ. ಹೊಸಾ ಟಾಪ್‌ಕೋಟ್ ಆಗಬೇಕು."

ಸಂಜೆ ಮೆಟ್ಟಿಲ ಮೇಲೆ ಕೂತು, ಎದ್ದು, ಮತ್ತೆ ಕೂತು ಮೇಲೆ ಬಂದಿದ್ದೇನೆ. ಸವೆದ ಬೂದುಬಣ್ಣದ ಮೇಲೆ ನನ್ನ ಕೆಂಪು ಉಗುರುಗಳು. ಲೇಡೀಸ್ ಡೂ, ಸಿಸ್ಟರ್. ಪಕ್ಕದ ಮಾಳಿಗೆಯ ಪತ್ರಾದ ಕೆಳಗಿನಿಂದ ಶಂಕ್ರಪ್ಪನ ದನಿ ಬರುತ್ತದೆ.

"ವೈನಿ, ಚಂದ್ರ ಬಂದಾನೇನ್ರಿ?"

"ಬಂದಾನ. ಪೈಪು ಅಲ್ಲೇ ಬಿಟ್ಟು ಬಾ."