ಚೀಲದ ತಳದಿಂದ ತೆಗೆದ ಇಂಗ್ಲಿಷು

ಇವತ್ತು ಬೆಳಿಗ್ಗೆ ಅಂಗಡಿಯಲ್ಲಿ ಹೊಸ ಮಾಲಿನ ಚೀಲದ ಬಾಯಿ ಬಿಚ್ಚಿದರು. ಮೆಣಸಿನಕಾಯಿ ಘಾಟು ಮೂಲೆಮೂಲೆಗೂ ಹರಡಿತು. ಮೊನ್ನೆ ಕೆಲಸಕ್ಕೆ ಸೇರಿದ ಹುಡುಗಿ ಒಂದೇ ಸಮನೆ ಸೀನತೊಡಗಿದಳು. ನನಗೆ ಅಕ್ಕೋರ ನೆನಪು ಬಂತು...

ನಮ್ಮ ಕಡೆ ಶಾಲೆಯ ಟೀಚರಮ್ಮನನ್ನು ಅಕ್ಕೋರು ಎನ್ನುತ್ತೇವೆ. ನಮಗೆ ಇಂಗ್ಲಿಷ್ ಕಲಿಸಲು ನಮ್ಮ ಅಕ್ಕೋರು ದಿನಾ ಹಾವೇರಿಯಿಂದ ಬಸ್ಸಿನಲ್ಲಿ ಬ್ಯಾಡಗಿಗೆ ಬರುತ್ತಿದ್ದರು. ವರ್ಷಗಟ್ಟಲೆ ಬಂದರೂ ಊರಿನ ಘಾಟು ಅವರಿಗೆ ಒಗ್ಗಲೇ ಇಲ್ಲ. ಪಾಠದ ನಡುನಡುವೆ ಸೀನು, ನಮಗೆ ನಗು. 'ನಗ್ರಿ ನಗ್ರಿ, ಪೇಪರ್ ತಿದ್ದುವಾಗ ನಾ ನಗತೇನಿ' ಎನ್ನುತ್ತಿದ್ದರು.

ನನಗೆ ಅಪ್ಪ ಇರಲಿಲ್ಲ. ಅವ್ವ ದಿನವಿಡೀ ಗೋದಾಮಿನಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಧೂಳು ಎದೆಗೆ ಹತ್ತಿ ಕೆಮ್ಮು ಹಿಡಿದಿತ್ತು. ಆ ಕೆಲಸ ಬಿಡದಿದ್ದರೆ ಜೀವಕ್ಕೇ ಕುತ್ತು ಎಂದು ಡಾಕ್ಟರು ಹೇಳಿದ್ದರು. ಬಿಟ್ಟರೆ ಹೊಟ್ಟೆಗೇನು? ನಾನು ಪಿಯುಸಿ ಮುಗಿಸಿದ್ದೆ, ತೊಂಬತ್ತರ ದಶಕದ ಶುರುವಿನ ಮಾತು. ಪೇಟೆಯ ಸಾಹುಕಾರರೊಬ್ಬರಿಗೆ ಕೇರಳದ ಗಿರಾಕಿಗಳೊಂದಿಗೆ ಫೋನಿನಲ್ಲಿ ಇಂಗ್ಲಿಷ್ ಮಾತಾಡುವವರು ಬೇಕಾಗಿದ್ದರು. ಆ ಕೆಲಸ ನನಗೆ ಸಿಗಲೇಬೇಕಿತ್ತು. ಅಕ್ಕೋರ ಹತ್ತಿರ ಓಡಿದೆ.

ಅವರು ಒಂದು ಹಿಡಿ ಮೆಣಸಿನಕಾಯಿ ಮುಂದಿಟ್ಟು, ಇದು ಹೇಗಿದೆ ಹೇಳು ಎಂದರು. 'ವೆರಿ ಗುಡ್' ಎಂದೆ.

'ಏ ಹುಚ್ಚಿ, ನಿಮ್ಮ ಪ್ಯಾಟ್ಯಾಗ ಎಲ್ಲಾರ ಮಾಲೂ ವೆರಿ ಗುಡ್ಡ ಇರತೈತಿ. ಫೋನಿನಾಗ ಕೇಳಾಂವಗ ಏನ್ ಕಂಡಂಗಾತು? ಗಿರಾಕಿ ಚೀಲದಾಗ ಮೊಣಕೈ ಮಟ ಕೈ ಹಾಕಿ ತಳದ ಕಾಯಿ ತಗೀತಾನಲ್ಲ, ಮಾತೂ ಹಂಗ ತಗೀಬೇಕು.'

ನಮ್ಮ ಪೇಟೆಯಲ್ಲಿ ಮಾಲು ನೋಡುವುದು ಹಾಗೆಯೇ. ಚೀಲದ ಮೇಲಿನ ಕಾಯನ್ನು ಯಾರೂ ನಂಬುವುದಿಲ್ಲ. ತಳದ್ದನ್ನು ತೆಗೆದು ಹಿಚುಕಿ, ಮುರಿದು, ಮೂಸಿ ನೋಡುತ್ತಾರೆ. ಅಕ್ಕೋರು ಗುಣವಾಚಕಗಳನ್ನೂ ಹಾಗೇ ಕಲಿಸಿದರು. ಕಣ್ಣಿಗೆ ಕಂಡದ್ದು ರೆಡ್, ಲಾಂಗ್. ಬೆರಳಿಗೆ ತಿಳಿದದ್ದು ಡ್ರೈ, ಡ್ಯಾಂಪ್, ರಿಂಕಲ್ಡ್. ನೀರಿನ ಕೊಡ, ಬಸ್ಸಿನ ಸೀಟು, ತಮ್ಮ ಹಳೇ ಚಪ್ಪಲಿ, ಯಾವುದನ್ನೂ ಬಿಡಲಿಲ್ಲ. ಬಾಯಿತಪ್ಪಿ ವೆರಿ ಗುಡ್ ಎಂದರೆ ಆ ದಿನ ಚಹಾ ಇಲ್ಲ!

ಸಂದರ್ಶನಕ್ಕೆ ರಾಣೇಬೆನ್ನೂರಿನ ಪದವೀಧರನೊಬ್ಬನೂ ಬಂದಿದ್ದ. ಇಸ್ತ್ರಿ ಅಂಗಿ, ಪಟಪಟ ಇಂಗ್ಲಿಷು. ಸಾಹುಕಾರರು ಕೊಚ್ಚಿಯ ಗಿರಾಕಿಗೆ ಫೋನು ಹಚ್ಚಿ, ಎದುರಿಗಿದ್ದ ಚೀಲದ ಮಾಲು ಹೇಗಿದೆ ಹೇಳು ಎಂದರು. ಅವನು ವೆರಿ ಗುಡ್, ಎಕ್ಸಲೆಂಟ್, ಫಸ್ಟ್ ಕ್ಲಾಸ್ ಎಂದು ಒದರಿದ. ಆಮೇಲೆ ನನ್ನ ಸರದಿ.

ನಾನು ಚೀಲದ ತಳಕ್ಕೆ ಕೈ ಹಾಕಿದೆ. ಉದ್ದ, ಕಡುಗೆಂಪು ಬಣ್ಣ, ಸುಕ್ಕು ಸಿಪ್ಪೆ, ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಅಷ್ಟರಲ್ಲಿ ತಳದ ಕಾಯಿಗಳು ಬೆರಳಿಗೆ ಮೆತ್ತಗೆ ಸಿಕ್ಕವು. ಹೇಳಲೋ ಬೇಡವೋ... ಸಾಹುಕಾರರು ನನ್ನನ್ನೇ ನೋಡುತ್ತಿದ್ದರು. ಅವ್ವನ ಮುಖ ಕಣ್ಣ ಮುಂದೆ ಬಂತು. ಆದದ್ದಾಗಲಿ ಎಂದು ಹೇಳಿಯೇಬಿಟ್ಟೆ: ಮೇಲಿನವು ಡ್ರೈ, ತಳದವು ಸ್ವಲ್ಪ ಡ್ಯಾಂಪ್.

ಸಾಹುಕಾರರು ನನ್ನ ಕೈಯಿಂದ ರಿಸೀವರ್ ಕಸಿದುಕೊಂಡರು. ಕೆಲಸ ಹೋಯಿತು ಎಂದುಕೊಂಡೆ. ಹರುಕುಮುರುಕು ಹಿಂದಿಯಲ್ಲಿ ಬಹಳ ಹೊತ್ತು ಮಾತಾಡಿ ಫೋನು ಇಟ್ಟರು.

'ಬಿಸಿಲಿಗೆ ಹಾಕಿ ಒಣಗಿಸಿ ಕಳಸ್ರಿ, ಮಾಲು ತಗೋತೇನಿ ಅಂದ. ಇನ್ನಮ್ಯಾಲ ಆ ಹುಡುಗೀನ ಫೋನ್ ಮಾಡ್ಬೇಕಂತ. ನಾಳಿಂದ ಲಗೂ ಬಾರವಾ' ಎಂದರು.

ಬಸ್‌ಸ್ಟ್ಯಾಂಡಿಗೆ ಓಡಿದೆ. ಅಕ್ಕೋರು ಹಾವೇರಿ ಬಸ್ಸು ಬಿಟ್ಟು ನನಗಾಗಿ ಕಾದು ನಿಂತಿದ್ದರು. ನನ್ನ ಮುಖ ನೋಡಿಯೇ ಅವರಿಗೆ ತಿಳಿಯಿತು. ನಗುತ್ತ, ಸೀನುತ್ತ ಬೆನ್ನಿಗೆ ಗುದ್ದಿದರು. 'ಗೆದ್ದಿ ನೋಡು! ಇಲ್ಲೇನ್ ನಿಂತಿ, ಮೊದಲ ನಿಮ್ಮವ್ವನ್ನ ಆ ಧೂಳಿನಾಗಿಂದ ಎಬ್ಬಿಸಿಕೊಂಡ್ ಹೋಗು.'

ಗೋದಾಮಿಗೆ ಹೋಗಿ 'ಏಳಬೇ ಯವ್ವಾ, ಸಾಕು' ಎಂದೆ. ಅವ್ವ ಸೆರಗು ಝಾಡಿಸಿ ಎದ್ದಳು. ಅಂಥ ಖುಷಿ ನಾನು ಮತ್ತೆ ಕಂಡಿಲ್ಲ, ಖರೇ ಹೇಳುತ್ತೇನೆ.

ಅಕ್ಕೋರು ತೀರಿಕೊಂಡು ಬಹಳ ವರ್ಷಗಳಾದವು. ಈಗ ಅದೇ ಸಾಹುಕಾರರ ಈ ಅಂಗಡಿಯ ಹೊರ ಊರುಗಳ ವ್ಯಾಪಾರವೆಲ್ಲ ನನ್ನ ಕೈಯಲ್ಲೇ ಇದೆ. ಅವರಿಗೆ ಹೇಳಿಕೊಂಡು ಮೆರೆಯುವ ಆಸೆ, ಕೇಳಲು ಅವರಿಲ್ಲ... ಸಂಜೆ ಮನೆಗೆ ಹೋಗಿ ಅವ್ವನ ಮುಂದೆ ಅವರ ಸುದ್ದಿ ತೆಗೆದೆ. ಮೊಮ್ಮಗಳ ಮೇಲೆ ದನಿಯೆತ್ತಿ ರೇಗುತ್ತಿದ್ದ ಮುದುಕಿ ನನ್ನ ಕಡೆ ತಿರುಗಿದಳು.

'ನನ್ನ ಆ ಧೂಳಿನಾಗಿಂದ ಎಬ್ಬಿಸಿದ ಅಕ್ಕೋರು ಹ್ವಾದ್ರು. ನಾ ಇನ್ನೂ ಅದೇನಿ ನೋಡು' ಎಂದಳು.