ಮಾದಿಹಳ್ಳಿಯ ಎರಡನೇ ಚೊಂಬು

ದೆವ್ವ, ಶಕುನ, ಮುನ್ಸೂಚನೆ ಎಂದು ಯಾರಾದರೂ ಬಾಯಿಬಿಟ್ಟರೆ ನಾನು ಮೊದಲೆಲ್ಲ ಎದ್ದು ಒಳಗೆ ಹೋಗುತ್ತಿದ್ದೆ. ಅರಸೀಕೆರೆಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು ನಾನು. ಇಂಥ ಮಾತಿಗೆಲ್ಲ ತಲೆಯಾಡಿಸಿದರೆ ಮಕ್ಕಳ ಮುಂದೆ ನಿಲ್ಲುವುದು ಹೇಗೆ? ಈಗಲೂ ನೀವು ನಂಬಬೇಕೆಂದು ಕೇಳುತ್ತಿಲ್ಲ. ನಡೆದದ್ದನ್ನು ಹೇಳುತ್ತೇನೆ, ಅಷ್ಟೆ.

ನನ್ನ ಯಜಮಾನರಿಗೆ ನಡೆಯುವ ಹುಚ್ಚು. ನಿವೃತ್ತರಾದ ಮೇಲೆ, ಪಡುವಣ ಕಡಲಿನಿಂದ ಮೂಡಣ ಕಡಲಿನವರೆಗೆ ನಡೆದೇ ಹೋಗುತ್ತೇನೆಂದು ಹಟ ಹಿಡಿದರು. ಮಂಗಳೂರಿನ ಆಚೆಗಿನ ಒಂದು ಮೀನುಗಾರರ ಹಳ್ಳಿಯಲ್ಲಿ ಕಾಲು ನೆನೆಸಿಕೊಂಡು ಹೊರಡುವುದು, ಘಟ್ಟ ಹತ್ತಿ ಬೇಲೂರು, ಹಳೇಬೀಡಿನ ಮೇಲೆ ಅರಸೀಕೆರೆಗೆ ಬರುವುದು, ಅಲ್ಲಿಂದಾಚೆ ಬೇಸಿಗೆ ರಜೆಯಲ್ಲಿ ನಾನೂ ಜೊತೆಯಾಗುವುದು ಎಂದು ಮಾತಾಗಿತ್ತು. ಚಕ್ಕುಲಿ ಕರಿದು ಡಬ್ಬಿ ತುಂಬಿಟ್ಟಿದ್ದೆ. ಅವರು ಹಳೇಬೀಡಿನ ಹತ್ತಿರದ ಮಾದಿಹಳ್ಳಿಯವರೆಗೆ ಬಂದರು. ಅಲ್ಲಿ ಯಾರದೋ ಜಗಲಿಯ ಮೇಲೆ ಕೂತವರು ಮತ್ತೆ ಏಳಲಿಲ್ಲ. ಎದೆ ನಿಂತಿತ್ತು. ಮೈದುನ ಹೋಗಿ ಮನೆಗೆ ತಂದ.

ಅವರು ಹೋದದ್ದಕ್ಕಿಂತ, ಗುರುತಿಲ್ಲದ ಜಗಲಿಯಲ್ಲಿ ಒಬ್ಬರೇ ಹೋದರಲ್ಲ ಎನ್ನುವುದು ನನ್ನನ್ನು ತಿಂದುಹಾಕಿತು. ಮರುವರ್ಷ ರಜೆ ಬಂದ ಕೂಡಲೇ ಅವರು ಹೊರಟ ಹಳ್ಳಿಗೇ ಹೋದೆ. ದಂಡೆಯಲ್ಲಿ ಮೀನು ಒಣಹಾಕುತ್ತಿದ್ದ ಹೆಂಗಸೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಈ ಬಿಸಿಲಿಗೆ ಹೀಗೇ ಹೋಗುವುದಾ ಮಾರಾಯ್ರೆ" ಎಂದು ತಮ್ಮ ಕೆಂಪು ಟವಲನ್ನು ನನ್ನ ತಲೆಗೆ ಸುತ್ತಿದರು. ಘಟ್ಟ ಹತ್ತುವಾಗ ಎಡಗಾಲಿನ ಹಿಮ್ಮಡಿಯಲ್ಲಿ ಬೊಬ್ಬೆ ಬಂದು ಒಡೆಯಿತು. ಕುಂಟುತ್ತಲೇ ಬೇಲೂರು ದಾಟಿದೆ.

ಮಾದಿಹಳ್ಳಿಯ ಕೆರೆ ಏರಿಗೆ ಬಂದಾಗ ಬಿಸಿಲು ಇಳಿಯುತ್ತಿತ್ತು. ಏರಿ ಮುಗಿಯುವಲ್ಲೇ ಜಯಮ್ಮ ಎನ್ನುವವರ ಮನೆ, ಅದೇ ಜಗಲಿ ಎಂದು ಮೈದುನ ಗುರುತು ಹೇಳಿದ್ದ. ನಮ್ಮ ಕಡೆ ಧರ್ಮಸ್ಥಳಕ್ಕೆ ನಡೆದುಹೋಗುವ ಹರಕೆಯವರಿಗೆ ಕಾಲಿಗೆ ನೀರು, ಕುಡಿಯಲು ಮಜ್ಜಿಗೆ ಕೊಡುವುದುಂಟು. ಆದರೆ ಅವರೆಲ್ಲ ಪಡುವಣಕ್ಕೆ ನಡೆಯುವವರು, ವಾಪಸು ಬಸ್ಸಿಗೆ ಬರುತ್ತಾರೆ. ಎದುರು ದಿಕ್ಕಿನಿಂದ ನಡೆದು ಬಂದವರನ್ನು ಆ ಮನೆಯ ಜಯಮ್ಮ ಮರೆತಿರಲಾರರು ಎಂದುಕೊಂಡಿದ್ದೆ. ನಾನು ಯಾರೆಂದು ಹೇಳುವ ಮೊದಲೇ ಆಕೆ ಜಗಲಿಯಿಂದ ಇಳಿದು ಬಂದು ನನ್ನ ತಲೆಯ ಟವಲನ್ನೂ ಎಡಗಾಲನ್ನೂ ನೋಡಿದರು.

"ಈಗ ಬಂದ್ರೇನವ್ವಾ?" ಎಂದರು. "ಅವತ್ತು ಅವ್ರಿಗೆ ಕಾಲಿಗೆ ನೀರು ಕೊಟ್ರೆ, ತಡೀರಿ, ನಮ್ಮನೆಯೋರು ಹಿಂದೆ ಬತ್ತಾವ್ರೆ, ಇಬ್ರೂ ಒಟ್ಟಿಗೆ ತೊಳ್ಕತೀವಿ ಅಂದ್ರು. ಏರಿ ಕಡೆ ನೋಡ್ದೆ. ಕೆಂಪು ಟವಲ್ ಸುತ್ಕಂಡು, ಎಡಗಾಲು ಎಳ್ಕಂಡು ನೀವು ಬತ್ತಿದ್ರಿ. ಇನ್ನೊಂದು ಚೊಂಬು ತರಾಕೆ ಒಳಕ್ಕೋದೆ. ಬಂದ್ ನೋಡಿದ್ರೆ ಏರಿ ಮ್ಯಾಲೆ ಯಾರೂ ಇಲ್ಲ. ಅವ್ರು ಅತ್ಲಾಗೇ ನೋಡ್ಕಂಡು, ನಗ್ತಾ ಹಂಗೇ ಕೂತವ್ರೆ."

ಹೋದ ವರ್ಷ ಅವರು ತೀರಿಕೊಂಡ ದಿನ ನಾನು ಅರಸೀಕೆರೆಯಲ್ಲಿ ಮಕ್ಕಳ ಪರೀಕ್ಷೆ ನಡೆಸುತ್ತಿದ್ದೆ. ಆ ಟವಲನ್ನು ಆಗ ನಾನಿನ್ನೂ ಕಂಡೇ ಇರಲಿಲ್ಲ. ನನ್ನ ಸಮಾಧಾನಕ್ಕೆ, ಈಗ ಕಣ್ಣೆದುರು ಕಂಡದ್ದನ್ನೇ ಕಟ್ಟಿ ಹೇಳುತ್ತಿದ್ದಾರೆ ಎಂದು ಸಿಟ್ಟೇ ಬಂತು. ಅಲ್ಲೇ ನಿಂತು ಮೈದುನನಿಗೆ ಫೋನ್ ಮಾಡಿದೆ. ಆಕೆ ಹೇಳಿದ್ದು ನಿಜವೇ ಎಂದು ಕೇಳಿದೆ.

"ಹೌದು ಅತ್ತಿಗೆ, ನನಗೂ ಅವತ್ತೇ ಹೇಳಿದ್ರು. ಕೆಂಪು ಟವಲ್ಲು, ಕುಂಟ್ತಾ ಬರ್ತಿದ್ರು ಅಂತ. ನೀವು ಇಂಥದ್ದೆಲ್ಲ ನಂಬಲ್ವಲ್ಲ, ಅದಕ್ಕೇ ಹೇಳ್ಲಿಲ್ಲ."

ಜಯಮ್ಮ ಎರಡು ಚೊಂಬು ನೀರು ತಂದಿಟ್ಟರು. ಒಂದರಲ್ಲಿ ನಾನು ಕಾಲು ತೊಳೆದುಕೊಂಡೆ. ಇನ್ನೊಂದನ್ನು, ಅವರು ಕಾಲು ಇಳಿಬಿಟ್ಟು ಕೂತಿದ್ದ ಜಾಗದಲ್ಲಿ ಮೆಲ್ಲಗೆ ಸುರಿದೆ. ಅಷ್ಟು ದಿನ ಬಾರದ ಅಳು ಆಗ ಬಂತು.

ಅರಸೀಕೆರೆಯವರೆಗೆ ನಡೆದೆ. ಮೂಡಣ ಕಡಲು ಇನ್ನೂ ಬಾಕಿಯಿದೆ. ಅವರು ಒಬ್ಬರೇ ಹೋಗಲಿಲ್ಲ ಎಂದು ನಂಬಿಬಿಟ್ಟರೆ ಎಷ್ಟು ಹಗುರವಾಗುತ್ತದೆ! ಆದರೆ ನಾನು ನಡೆದು ಬಂದ ಆ ಇಳಿಹೊತ್ತಿನಲ್ಲಿ ಏರಿಯ ಉದ್ದಕ್ಕೂ ನಾನು ಕಣ್ಣು ಕೀಳದೆ ಆ ಜಗಲಿಯನ್ನೇ ನೋಡುತ್ತಾ ಬಂದಿದ್ದೆ. ಅವರಿಗೆ ನಾನು ಕಂಡೆ. ನನಗೆ ಅವರು ಕಾಣಲಿಲ್ಲ.