ಪೊಕ್ಕನ್ ತಡೆದ ಪುಟ

ನಮ್ಮೂರ ಗ್ರಂಥಾಲಯಕ್ಕೆ, ಅಂದರೆ ವಾಯನಶಾಲೆಗೆ, ಕಾದಂಬರಿ ಒಯ್ಯಲು ಬಂದವರು ಮೊದಲು ಹೊರಗಿನ ಚಪ್ಪಲಿಗಳನ್ನು ನೋಡುತ್ತಿದ್ದರು. ಊರಿಗೆಲ್ಲ ಅಣ್ಣನಾದ ಚಾತುವೇಟ್ಟನ ಟೈರಿನ ಚಪ್ಪಲಿ ಕಂಡರೆ ಅರ್ಧ ಜನ ಹಾಗೇ ಹಿಂದಿರುಗುತ್ತಿದ್ದರು. ಒಳಗೆ ಸಿಕ್ಕವರನ್ನು ಅವರು ಸುಮ್ಮನೆ ಬಿಡುವವರಲ್ಲ.

"ಪ್ರೇಮ ಗೀಮ ಆಮೇಲೆ ಓದ್ಕೋ. ಸಕ್ಕರೆ ರೇಟು ಯಾಕೆ ಏರತ್ತೆ, ಗೊತ್ತಾ ನಿಂಗೆ? ಇದನ್ನ ಒಯ್ಯಿ. ನಲವತ್ತು ಪುಟ ಆದ್ಮೇಲೂ ನಿದ್ದೆ ಬಂದ್ರೆ ಬಂದು ನನ್ನ ಕಿವಿ ಹಿಂಡು."

"ಇಷ್ಟು ದೊಡ್ಡ ಕಿವೀನ ಹಿಂಡೋಕೆ ಪುರುಸೊತ್ತಿಲ್ಲ ಚಾತುವೇಟ್ಟಾ," ಎಂದು ಜನ ನಗುತ್ತ ಜಾರಿಕೊಳ್ಳುತ್ತಿದ್ದರು. ಚಾತುವೇಟ್ಟ ಪುಸ್ತಕವನ್ನು ಒರೆಸಿ ಮತ್ತೆ ಕಪಾಟಿನಲ್ಲಿ ಇಡುತ್ತಿದ್ದರು.

ಮೂವತ್ತೊಂದು ವರ್ಷ ಅವರು ಬೀಡಿ ಕಾರ್ಖಾನೆಯಲ್ಲಿ ಓದುವವರಾಗಿದ್ದರು. ಉಳಿದವರು ಮೊರ ಇಟ್ಟುಕೊಂಡು ಎಲೆ ಸುತ್ತುವಾಗ ಒಬ್ಬ ಗಟ್ಟಿಯಾಗಿ ಓದಬೇಕು. ಅವನ ಪಾಲಿನ ಬೀಡಿಯನ್ನು ಓದು ಕೇಳುವವರೇ ಸುತ್ತಿಕೊಡುತ್ತಾರೆ. ಬೆಳಗ್ಗೆ ಪತ್ರಿಕೆ, ಊಟವಾದ ಮೇಲೆ ಪುಸ್ತಕ: ಅಣು, ಗ್ರಹಣ, ಕೂಲಿ, ಲಾಭ. ಕಾರ್ಖಾನೆ ಮುಚ್ಚಿದಾಗ ಮೂವತ್ತೆಂಟು ಪುಸ್ತಕಗಳು ನಮ್ಮಲ್ಲಿಗೆ ಬಂದವು, ಅವುಗಳ ಹಿಂದೆಯೇ ಚಾತುವೇಟ್ಟನೂ ಬಂದರು.

ಹೋದ ಏಪ್ರಿಲ್‌ನಲ್ಲಿ ಸಮಿತಿಯವರು ಐದು ವರ್ಷ ಯಾರೂ ಒಯ್ಯದ ಪುಸ್ತಕಗಳನ್ನು ರದ್ದಿಗೆ ಹಾಕಲು ತೀರ್ಮಾನಿಸಿದರು. ಪಟ್ಟಿ ಮಾಡಬೇಕಾದವಳು ಲೈಬ್ರರಿಯನ್ ಆದ ನಾನು. ಮೊದಲು ಹೋಗುವುದು ಆ ಮೂವತ್ತೆಂಟೇ ಎಂದುಕೊಂಡು ರಿಜಿಸ್ಟರ್ ತೆರೆದರೆ, ಒಂದೊಂದೂ ತಪ್ಪದೆ ಹೋಗಿ ಬಂದಿತ್ತು! ಎಲ್ಲವೂ ಸೋಮವಾರ. ಅಂದು ನನಗೆ ರಜೆ, ಮೇಜು ನೋಡಿಕೊಳ್ಳುವವರು ಚಾತುವೇಟ್ಟ. ಒಯ್ದವರು ಕಾರ್ಖಾನೆಯಲ್ಲಿ ಅವರ ಓದು ಕೇಳುತ್ತಿದ್ದ ಪೊಕ್ಕನ್, ಕೊಟ್ಟನ್, ಅಂಬು. ಮೂವರೂ ಈಗಿಲ್ಲ. ಪೊಕ್ಕನ್ ತೀರಿಕೊಂಡು ಆರು ವರ್ಷವಾಗಿತ್ತು. ಹೆಣದ ಮೇಲೆ ಹೂವಿಟ್ಟವರಲ್ಲಿ ನಾನೂ ಒಬ್ಬಳು. ನನಗೆ ಉರಿದುಹೋಯಿತು.

"ಸತ್ತೋರಿಗೆ ಪುಸ್ತಕ ಕೊಡ್ತಿದ್ದೀರಲ್ಲ ಚಾತುವೇಟ್ಟಾ, ನಾಚಿಕೆ ಆಗಲ್ವಾ?"

"ಬದುಕಿರೋರು ಯಾರು ತಗೋತಾರೆ ಮೋಳೇ?" ಮಗಳೇ ಅಂತಲೇ ಅವರು ನನ್ನನ್ನು ಕರೆಯುವುದು. "ನೀನು ತಗೊಂಡಿದ್ದೀಯಾ?"

ಹನ್ನೊಂದು ವರ್ಷ ಆ ಪುಸ್ತಕಗಳ ಧೂಳು ಹೊಡೆದವಳು ನಾನು. ಒಂದನ್ನೂ ತೆರೆದಿರಲಿಲ್ಲ.

"ನಿಮ್ಮ ಹೆಸರಲ್ಲೇ ಬರ್ಕೋಬಹುದಿತ್ತಲ್ಲ?"

"ನನ್ನ ಕಾರ್ಡಿಗೆ ಒಂದು ಸಲಕ್ಕೆ ಎರಡೇ ಪುಸ್ತಕ. ಎಲ್ಲಾನೂ ನಾನೊಬ್ನೇ ಒಯ್ದ್ರೆ ಯಾರು ಲೆಕ್ಕಕ್ಕೆ ತಗೋತಾರೆ?"

ಅವರ ಕಣ್ಣೆದುರಿಗೇ ಸತ್ತವರ ಹೆಸರುಗಳಿಗೆ ಕೆಂಪು ಗೆರೆ ಎಳೆದೆ. ಅವರು ಒಂದು ಪುಸ್ತಕವನ್ನು ಎತ್ತಿಕೊಂಡು ಒರೆಸತೊಡಗಿದರು. ಅದನ್ನು ನೋಡಲಾಗದೆ, "ಒಂದು ಓದಿ, ಕೇಳೋಣ" ಎಂದು ಲೇಬಲ್ ಅಂಟಿಸುತ್ತ ಕೂತೆ. ಚಾತುವೇಟ್ಟ ಕೆಮ್ಮಿ ಗಂಟಲು ಸರಿಮಾಡಿಕೊಂಡರು. ಎಪ್ಪತ್ತೊಂಬತ್ತರ ಮುದುಕನ ದನಿ ಬೀದಿಗೂ ಕೇಳುವಂತಿತ್ತು. ಆರನೆಯ ಪುಟದಲ್ಲಿ ನನಗೆ ತಲೆಬುಡ ತಿಳಿಯಲಿಲ್ಲ.

"ನಿಲ್ಸಿ. ಎಲ್ರೂ ಜಾಸ್ತಿ ದುಡಿದ್ರೆ ಕೂಲಿ ಇಳಿಯೋದು ಯಾಕೆ? ಇದ್ಯಾವ ನ್ಯಾಯ?"

ಅವರು ಪುಸ್ತಕವನ್ನು ನನ್ನ ಕಡೆಗೆ ತಿರುಗಿಸಿದರು. ಅದೇ ಸಾಲಿನ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ 'ಪೊ' ಎಂದು ಬರೆದಿತ್ತು.

"ಪೊಕ್ಕನ್ ನನ್ನ ಓದು ತಡೆದಿದ್ದೂ ಇಲ್ಲೇ. ನಾಲ್ಕು ದಿನ ಜಗಳ. ನಿನ್ನ ಪಾಲಿನ ಬೀಡಿ ಸುತ್ತಲ್ಲ ಹೋಗೋ ಅಂದ್ಬಿಟ್ಟ ಕಳ್ಳ." ನಗಲು ಹೋದರು, ಆಗಲಿಲ್ಲ. ಪೆನ್ಸಿಲ್ ಹುಡುಕಿ ಅದರ ಕೆಳಗೆ 'ಪ್ರ' ಎಂದು ಬರೆದರು. ನನ್ನ ಹೆಸರು ಪ್ರಸೀತ.

ನನ್ನ ಕಾರ್ಡಿನಲ್ಲಿ ಎರಡು, ಅವರದರಲ್ಲಿ ಎರಡು ಬರೆದುಕೊಂಡೆವು, ಅಷ್ಟು ಉಳಿದವು. ಮಿಕ್ಕ ಮೂವತ್ತನಾಲ್ಕನ್ನು ಶನಿವಾರ ಗೋಣಿಗೆ ತುಂಬಿದವಳು ನಾನೇ. ಆ ಹೆಸರುಗಳನ್ನು ಕಂಡೂ ಕಾಣದಂತೆ ಇದ್ದಿದ್ದರೆ ನನ್ನ ಗಂಟೇನು ಹೋಗುತ್ತಿತ್ತೋ, ಇಂದಿಗೂ ತಿಳಿಯದು. ರದ್ದಿಯವನು ಬರುವ ಮೊದಲು ಚಾತುವೇಟ್ಟನನ್ನು ಕರೆದು, "ಇವನ್ನ ಮನೆಗೆ ಒಯ್ಯಿರಿ, ಯಾರೂ ಕೇಳಲ್ಲ," ಎಂದೆ.

ಅವರು ಗೋಣಿಯ ಬಾಯಿಯನ್ನು ತಾವೇ ಕಟ್ಟಿದರು.

"ಬೇಡ ಮೋಳೇ. ಮನೇಲಿ ಓದಿದ್ರೆ ಪುಸ್ತಕ ಬೇಗ ಮುಗಿದುಹೋಗತ್ತೆ. ಮಧ್ಯೆ ತಡೆದು ಕೇಳೋರೇ ಇಲ್ಲ."